ಪೀಠದ ಮೇಲೆ ರೂವಾರಿಯ ಹೆಸರು

ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಸೀಮೆಯಲ್ಲಾಗಲಿ, ನೆರೆಯ ರಾಯಚೂರಿನಲ್ಲಾಗಲಿ, ವೃತ್ತವೊಂದರಲ್ಲಿ ಹೊಸ ಪ್ರತಿಮೆ ಎದ್ದು ನಿಂತಿತೆಂದರೆ, ಅನಾವರಣ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತಿಯಿಂದ ಸಭೆಯನ್ನು ಅಲಂಕರಿಸಿದವರು, ಇವರೆಲ್ಲರ ನಾಮಾವಳಿಯೂ ಪೀಠದ ಕರಿಯ ಫಲಕದಲ್ಲಿ ಸುವರ್ಣಾಕ್ಷರಗಳಿಂದ ಮೆರೆಯುತ್ತದೆ. ಕಲ್ಲಿಗೆ ಕಣ್ಣು ಬಿಡಿಸಿದವನ ಹೆಸರಿಗೆ ಮಾತ್ರ ಬಹುಮಟ್ಟಿಗೆ ಎಡೆಯಿರುವುದಿಲ್ಲ. ಭಾರತೀಯ ಶಿಲ್ಪಿಯು ಕೀರ್ತಿವಿಮುಖನೆಂದು ಹೇಳಿ ಈ ಔದಾಸೀನ್ಯವನ್ನು ನಾವು ಪರಂಪರೆಯ ತಲೆಗೆ ಕಟ್ಟುವುದುಂಟು. ಕನ್ನಡ ನಾಡಿನ ಮಟ್ಟಿಗೆ ಆ ಮಾತು ಸಲ್ಲದು.

ಗದ್ವಾಲಕ್ಕೆ ದೂರವಲ್ಲದ ಆಲಂಪುರದಲ್ಲಿ ನವಬ್ರಹ್ಮಾಲಯಗಳನ್ನು ಕಟ್ಟಿಸಿದ ಬಾದಾಮಿಯ ಚಾಲುಕ್ಯರದೇ ಕೃತಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಎಂಟನೆಯ ಶತಮಾನದಲ್ಲಿ, ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣೆಗಾಗಿ ರಾಣಿ ಲೋಕಮಹಾದೇವಿ ಎತ್ತಿಸಿದ ಆ ಗುಡಿಯ ಶಾಸನವು, ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅವನಿಗೆ ಸಂದ ‘ತ್ರಿಭುವನಾಚಾರಿ’ ಎಂಬ ಬಿರುದನ್ನೂ ಮುಚ್ಚುಮರೆಯಿಲ್ಲದೆ ಸಾರುತ್ತದೆ.

ಹೊಯ್ಸಳರ ಕಾಲದ ಮಲ್ಲಿತಮ್ಮನದಂತೂ ಒಂದು ಜೀವನಚರಿತ್ರೆಯೇ ಸರಿ. ಬರೆದವನು ತಾನೇ, ಬರೆದುದು ಬಳಪದ ಕಲ್ಲಿನ ಮೇಲೆ. 1196ರ ಅಮೃತಾಪುರದಲ್ಲಿ ಆತನ ಕೈವಾಡ ಕಾಣಿಸಿಕೊಳ್ಳುತ್ತದೆ. 1246ರ ನುಗ್ಗೆಹಳ್ಳಿಯಲ್ಲಿ ಗುಡಿಯ ದಕ್ಷಿಣ ಪಾರ್ಶ್ವವನ್ನು ನಂದಿಯ ಬೈಚೋಜನು ಕಂಡರಿಸಿದರೆ ಉತ್ತರ ಪಾರ್ಶ್ವವು ಮಲ್ಲಿತಮ್ಮನ ಪಾಲಿಗೆ ಬಂದಿತು. ಆ ಮೇಲಣ ಸೋಮನಾಥಪುರದಲ್ಲಿ ಬಾಲೆಯ, ಚೌಡೆಯ, ಮಸಣಿತಮ್ಮ ಮೊದಲಾದವರ ನಡುವೆ ಅತ್ಯಧಿಕ ವಿಗ್ರಹಗಳ ಕೆಳಗೆ ಕಾಣುವುದು ಇವನ ಅಂಕಿತವೇ. ಕೆಲವೆಡೆ ‘ಮಲ್ಲಿ’, ಕೆಲವೆಡೆ ಬರಿಯ ‘ಮ’. ಅರವತ್ತು ವರ್ಷ ಉಳಿ ಹಿಡಿದವನಿಗೆ ಒಂದಕ್ಷರವೇ ಸಾಕಾಗಿರಬೇಕು. ಗುಡಿಯನ್ನು ಕಟ್ಟಿಸಿದ ದಂಡನಾಯಕರು ಅದರಿಂದ ತಮ್ಮ ಘನತೆಗೆ ಕುಂದೆಂದು ಬಗೆದಂತೆ ಕಾಣೆನು.

ನಮ್ಮ ಕಾಲದಲ್ಲಿಯೂ ಅಪವಾದಗಳಿಲ್ಲದಿಲ್ಲ. ತೆಲಂಗಾಣದಿಂದ ಹೋದ ಕಪ್ಪು ಗ್ರಾನೈಟಿನಲ್ಲಿ ರೂಪುಗೊಂಡು 2022ರಲ್ಲಿ ದೆಹಲಿಯ ಇಂಡಿಯಾ ಗೇಟಿನ ಬಳಿ ನಿಂತ 28 ಅಡಿಯ ನೇತಾಜಿ ವಿಗ್ರಹದ ಶಿಲ್ಪಿ ಮೈಸೂರಿನ ಅರುಣ್ ಯೋಗಿರಾಜರೆಂಬುದನ್ನು ದೇಶವೆಲ್ಲ ಬಲ್ಲದು. ಆದರೆ ತಾಲ್ಲೂಕು ಕೇಂದ್ರದ ಅಂಬೇಡ್ಕರರನ್ನೋ ಬಸವಣ್ಣನವರನ್ನೋ ಕಡೆದವನಿಗೆ ಆ ಭಾಗ್ಯವೆಲ್ಲಿ?

ಪ್ರತಿಮೆಗೆ ಹಣ ಮಂಜೂರು ಮಾಡುವ ಪುರಸಭೆ, ಪಂಚಾಯಿತಿಗಳು ಕರಾರಿನಲ್ಲಿಯೇ ಒಂದು ಷರತ್ತನ್ನು ಸೇರಿಸಲಿ: ಶಿಲ್ಪಿಯ ಹೆಸರು, ಊರು, ಶಿಲೆ ಬಂದ ಕ್ವಾರಿ, ಮುಗಿದ ವರ್ಷ, ಇವಿಷ್ಟನ್ನು ಪೀಠದಲ್ಲಿ ಕೆತ್ತತಕ್ಕದ್ದು. ಇದು ಗೌರವದ ಪ್ರಶ್ನೆ ಮಾತ್ರವಲ್ಲ. ರಸ್ತೆ ಅಗಲವಾಗುವಾಗ ವಿಗ್ರಹವನ್ನು ಎತ್ತಿ ಬೇರೆಡೆ ಇಡಬೇಕಾದೀತು, ಲಾರಿ ತಗುಲಿ ಬೆರಳು ಮುರಿದೀತು. ಬೆಸುಗೆ ಎಲ್ಲಿದೆ, ಒಳಗೆ ಸರಳು ಕೊಟ್ಟಿದೆಯೆ ಎಂಬುದನ್ನು ಆಗ ಹೇಳಬಲ್ಲವನು ಅವನೊಬ್ಬನೇ.