ಬಿಸಿಲಿಗೆ ಬಳಲುವ ಫಲಕ

ಸೋಲಾರ್ ಫಲಕಕ್ಕೆ ಬೆಳಕು ಬೇಕು, ಕಾವು ಬೇಡ. ಸಿಲಿಕಾನ್ ಫಲಕದ ತಾಪ 25 ಡಿಗ್ರಿ ಮೀರಿದರೆ ಪ್ರತಿ ಡಿಗ್ರಿಗೂ ಉತ್ಪಾದನೆ ಸುಮಾರು ಶೇ 0.4ರಷ್ಟು ಕುಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ ಫಲಕ 60 ಡಿಗ್ರಿ ಮುಟ್ಟುವುದು ಮಾಮೂಲು.

ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಪೆಂಗ್ ವಾಂಗ್ ತಂಡ 2020ರಲ್ಲಿ ಇದಕ್ಕೊಂದು ದಾರಿ ತೋರಿಸಿತು. ಫಲಕದ ಬೆನ್ನಿಗೆ ಅಂಟಿಸಿದ ಜೆಲ್ ರಾತ್ರಿಯಿಡೀ ಗಾಳಿಯ ತೇವ ಹೀರುತ್ತದೆ. ಹಗಲು ಆ ನೀರು ಆವಿಯಾಗುತ್ತಾ ಫಲಕದ ಬಿಸಿಯನ್ನು ಎಳೆದುಕೊಳ್ಳುತ್ತದೆ. ಪಂಪು ಬೇಡ, ಫ್ಯಾನು ಬೇಡ. ತಾಪ 10 ಡಿಗ್ರಿಯಷ್ಟು ಇಳಿಯಿತು. ಆವಿಯನ್ನು ಹಿಡಿದಿಟ್ಟರೆ ಸಿಹಿನೀರೂ ಸಿಗುತ್ತದೆ. 2022ರಲ್ಲಿ ಇದೇ ತಂಡ ಆ ನೀರಿನಿಂದಲೇ ವಾಟರ್ ಸ್ಪಿನಾಚ್ ಎಂಬ ಸೊಪ್ಪು ಬೆಳೆಯಿತು. 60 ಬೀಜಗಳಲ್ಲಿ 57 ಮೊಳೆತವು. ಆದರೆ ಆ ಪುಟ್ಟ ಘಟಕದಿಂದ ಸಿಕ್ಕ ನೀರು ಸುಮಾರು ಎರಡೇ ಲೀಟರ್. ಮೇಲಾಗಿ, ಆವಿ ಹಿಡಿಯಲು ಜೆಲ್‌ನ ಕೆಳಗಿಟ್ಟ ಪೆಟ್ಟಿಗೆ ಮುಚ್ಚಿದರೆ ಫಲಕ ಅಷ್ಟು ತಣಿಯುವುದಿಲ್ಲ.

ಇಷ್ಟಾದರೂ ಇದನ್ನು ಕೈಬಿಡುವಂತಿಲ್ಲ. ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್ ಇರುವ, ಬರ ಬಿಡದ ಪಾವಗಡದಲ್ಲೇ ಇದರ ಪರೀಕ್ಷೆ ನಡೆಯಲಿ. ಅಲ್ಲಿನ ಒಣಗಾಳಿಯಲ್ಲಿ ಎಷ್ಟು ತೇವ ದಕ್ಕೀತು, ಧೂಳು, ಬಿಸಿಲಿಗೆ ಜೆಲ್ ಎಷ್ಟು ಕಾಲ ಬಾಳೀತು ಎಂಬುದನ್ನು ಅಳೆಯಲು ರಾಜ್ಯ ಸರ್ಕಾರ ಹಣ ಒದಗಿಸಬೇಕು.