ಗಂಭೀರ ಕಥೆ ಕೇಳಿದ್ರಿ, ವಿನ್ಸ್ ಗಿಲಿಗನ್ ಕಥೆ ತಂದಿದೀವಿ

ಹೋದ ಸೆಮಿಸ್ಟರ್ ಫೆಸ್ಟ್ ನಾಟಕಕ್ಕೆ ನಾವು ಐದು ಜನ ಸೇರಿ ಒಂದು ಸ್ಕ್ರಿಪ್ಟ್ ಬರೆದಿದ್ವಿ. ಹಾಸ್ಟೆಲ್ ಲಿಫ್ಟ್ ಹತ್ತಿದವನು ಹತ್ತು ನಿಮಿಷ ಹಿಂದಿನ ಕಾಲಕ್ಕೆ ಹೋಗಿ ಇಳೀತಾನೆ, ಅಷ್ಟೇ ಕಥೆ. ಓದಿದ ಸೀನಿಯರ್ ಅಣ್ಣ ನಕ್ಕರು. "ಚೆನ್ನಾಗಿದೆ ಕಣ್ರೋ, ಆದ್ರೆ ಇದು ಟೈಂಪಾಸ್. ಏನಾದ್ರೂ ಗಂಭೀರವಾದದ್ದು ಬರೀರಿ" ಅಂದರು. ಆಮೇಲೆ ರೈತನ ಕಷ್ಟದ ಬಗ್ಗೆ ಬರೆದ್ವಿ. ನಮ್ಮಲ್ಲಿ ಒಬ್ಬರೂ ಗದ್ದೆಗೆ ಇಳಿದವರಲ್ಲ. ನಾಟಕ ಹೇಗಿತ್ತು ಅಂತ ನೋಡಿದವರಿಗೆ ಗೊತ್ತು, ಇಲ್ಲಿ ಹೇಳೋದು ಬೇಡ.

ಅದೇ ಅಣ್ಣನ ಲ್ಯಾಪ್‌ಟಾಪ್ ಮೇಲೆ 'ಬ್ರೇಕಿಂಗ್ ಬ್ಯಾಡ್' ಸ್ಟಿಕ್ಕರ್ ಇದೆ. ಆ ಸೀರೀಸ್ ಮಾಡಿದ ವಿನ್ಸ್ ಗಿಲಿಗನ್ ಅದಕ್ಕೂ ಮೊದಲು ಏನು ಬರೀತಿದ್ರು ಅನ್ನೋದನ್ನ ಹೇಳೋಕೇ ಈ ಲೇಖನ.

ಅವರು ಬರೀತಿದ್ದದ್ದು ದೆವ್ವ, ಏಲಿಯನ್, ಮನುಷ್ಯರನ್ನ ನುಂಗೋ ನೆರಳು. 1995ರಲ್ಲಿ 'ದಿ ಎಕ್ಸ್-ಫೈಲ್ಸ್' ಸೀರೀಸ್‌ಗೆ 'ಸಾಫ್ಟ್ ಲೈಟ್' ಅನ್ನೋ ಎಪಿಸೋಡ್ ಬರೆದರು. ಪಾರ್ಟಿಕಲ್ ಆಕ್ಸಲರೇಟರ್ ಅಪಘಾತದಲ್ಲಿ ಸಿಕ್ಕಿಹಾಕಿಕೊಂಡ ಒಬ್ಬ ವಿಜ್ಞಾನಿ, ಅವನ ನೆರಳು ತುಳಿದವರು ಸತ್ತೇ ಹೋಗ್ತಾರೆ. ಅದಕ್ಕೇ ಅವನು ಗಾಢ ನೆರಳು ಬೀಳದ ಮಂದ ಬೆಳಕಿನ ರೈಲ್ವೆ ಸ್ಟೇಷನ್‌ನಲ್ಲಿ ಕೂತಿರ್ತಾನೆ. ನಮ್ಮ ಲಿಫ್ಟ್‌ಗಿಂತ ಇದು ಯಾವ ರೀತಿಯಲ್ಲಿ ಗಂಭೀರ, ನೀವೇ ಹೇಳಿ! ಆಮೇಲೆ ಅಲ್ಲೇ ಕೆಲಸಕ್ಕೆ ಸೇರಿ, 2002ರಲ್ಲಿ ಸೀರೀಸ್ ಮುಗಿಯೋವರೆಗೂ ಇದ್ದರು. ಸುಮಾರು 30 ಎಪಿಸೋಡ್ ಬರವಣಿಗೆಯಲ್ಲಿ ಅವರ ಹೆಸರಿದೆ.

ಅಮೆರಿಕದ ಟಿವಿಯಲ್ಲಿ ಪ್ರೊಡ್ಯೂಸರ್ ಅಂದ್ರೆ ದುಡ್ಡು ಹಾಕೋನು ಮಾತ್ರ ಅಲ್ಲ. ಬರಹಗಾರನೇ ನಿಧಾನಕ್ಕೆ ಪ್ರೊಡ್ಯೂಸರ್ ಆಗ್ತಾನೆ. ನಟರ ಆಯ್ಕೆ, ಶೂಟಿಂಗ್, ಎಡಿಟಿಂಗ್ ಎಲ್ಲದರಲ್ಲೂ ಕೂತಿರಬೇಕು. ತಾನು ಬರೆದ ಸಾಲು ಸೆಟ್‌ನಲ್ಲಿ ನಿಲ್ಲುತ್ತೋ ಬೀಳುತ್ತೋ ಕಣ್ಣಾರೆ ನೋಡಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಥಿಯರಿ, ಲ್ಯಾಬ್ ಎರಡೂ ಒಬ್ಬನಿಗೇ. ಗಿಲಿಗನ್ ಆ ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಇದ್ದರು.

ನಮಗೆ ಮುಖ್ಯ ಅನ್ನಿಸಿದ್ದು 1998ರ ಎಪಿಸೋಡ್, ಹೆಸರು 'ಡ್ರೈವ್'. ನೌಕಾಪಡೆಯ ಆಂಟೆನಾದ ಇಎಲ್‌ಎಫ್ ತರಂಗಗಳಿಂದ (ಇಸಿ ಬ್ರಾಂಚಿನವರು ಬೈಬೇಡಿ, ಕಥೆ ಅದು) ಒಬ್ಬನ ತಲೆಯಲ್ಲಿ ಒತ್ತಡ ಏರ್ತಾ ಹೋಗುತ್ತೆ. ಕಾರು ಪಶ್ಚಿಮಕ್ಕೆ ವೇಗವಾಗಿ ಓಡ್ತಾನೇ ಇರಬೇಕು, ನಿಂತ್ರೆ ಸಾಯ್ತಾನೆ. ಮುಂದೆ ಇರೋದು ಸಮುದ್ರ. ಆ ಮನುಷ್ಯನೋ, ಬಾಯಿ ತೆಗೆದ್ರೆ ದ್ವೇಷದ ಮಾತು, ಅವನ ಪಕ್ಕ ಹತ್ತು ನಿಮಿಷ ಕೂರೋಕಾಗಲ್ಲ. ಆದ್ರೂ ಅವನು ಸಾಯಬಾರದು ಅಂತ ನಮಗೇ ಅನ್ನಿಸುತ್ತೆ. ಆ ಪಾತ್ರ ಮಾಡಿದ್ದು ಬ್ರಯನ್ ಕ್ರಾನ್‌ಸ್ಟನ್.

ಎಕ್ಸ್-ಫೈಲ್ಸ್ ಮುಗಿದ ಮೇಲೆ ಗಿಲಿಗನ್‌ಗೆ ಸರಿಯಾದ ಕೆಲಸ ಇರಲಿಲ್ಲ. ಗೆಳೆಯನ ಜೊತೆ ಫೋನಲ್ಲಿ ತಮಾಷೆಗೆ ಮಾತಾಡುವಾಗ ಹುಟ್ಟಿದ್ದು, ವ್ಯಾನಿನಲ್ಲಿ ಡ್ರಗ್ಸ್ ತಯಾರಿಸೋ ಕಥೆ. ಬೇಡ ಅಂದ ಚಾನೆಲ್‌ಗಳೂ ಇದ್ದವು. ಕೊನೆಗೆ ಒಪ್ಪಿದ ಎಎಂಸಿಯವರಿಗೆ ಕ್ರಾನ್‌ಸ್ಟನ್ ಬಗ್ಗೆ ಅನುಮಾನ, ಅವರ ಲೆಕ್ಕದಲ್ಲಿ ಆತ 'ಮಾಲ್ಕಮ್ ಇನ್ ದ ಮಿಡಲ್'ನ ಕಾಮಿಡಿ ಅಪ್ಪ. ಆಗ ಗಿಲಿಗನ್ ತೋರಿಸಿದ್ದು ಇದೇ 'ಡ್ರೈವ್' ಎಪಿಸೋಡನ್ನ. ಅನುಮಾನ ಹೋಯ್ತು. 2008ರಲ್ಲಿ ವಾಲ್ಟರ್ ವೈಟ್ ನಮ್ಮೆದುರು ಬಂದ. ಕೆಟ್ಟವನ ಮೇಲೆ ಮರುಕ ಹುಟ್ಟಿಸೋ ಆ ವಿದ್ಯೆಯನ್ನ ಗಿಲಿಗನ್ ಹತ್ತು ವರ್ಷ ಮೊದಲೇ, ತಲೆ ಸಿಡಿಯೋ ಕಥೆಯಲ್ಲಿ, ಪ್ರಾಕ್ಟೀಸ್ ಮಾಡಿದ್ರು.

ಅಂದ್ರೆ ಹಾರರ್ ಬರೆದವರೆಲ್ಲ ಗಿಲಿಗನ್ ಆಗ್ತಾರೆ ಅಂತಲ್ಲ. ಅವರೂ ಸೇರಿ 2001ರಲ್ಲಿ ಶುರು ಮಾಡಿದ 'ದಿ ಲೋನ್ ಗನ್‌ಮೆನ್' 13 ಎಪಿಸೋಡಿಗೆ ನಿಂತುಹೋಯ್ತು. ಆದ್ರೆ ಟೈಂಪಾಸ್ ಅನ್ನಿಸೋ ಕಥೆಗೆ ಒಂದು ಶಿಸ್ತು ಇರುತ್ತೆ. ನಿಯಮ ಮೊದಲೇ ಹೇಳಬೇಕು, ಮಧ್ಯೆ ಬದಲಾಯಿಸೋ ಹಾಗಿಲ್ಲ, ನೋಡೋನು ಒಂದು ನಿಮಿಷ ಬೋರಾದ್ರೂ ಚಾನೆಲ್ ಬದಲಾಯಿಸ್ತಾನೆ. ನಮ್ಮ ರೈತನ ನಾಟಕಕ್ಕೆ ಈ ಭಯ ಇರಲೇ ಇಲ್ಲ. ವಿಷಯ ದೊಡ್ಡದು, ಹಾಗಾಗಿ ಚಪ್ಪಾಳೆ ಬಂದೇ ಬರುತ್ತೆ ಅಂದ್ಕೊಂಡಿದ್ವಿ. ಆ ರೈತನಿಗೂ ಅದು ಅವಮಾನವೇ.

2025ರಲ್ಲಿ ಗಿಲಿಗನ್ ಮತ್ತೆ ಸೈನ್ಸ್ ಫಿಕ್ಷನ್‌ಗೆ ಬಂದರು. 'ಪ್ಲುರಿಬಸ್' ನಾಯಕಿ ಕ್ಯಾರಲ್ ಜನಪ್ರಿಯ ರಮ್ಯ ಕಾದಂಬರಿಗಳನ್ನ ಬರೆಯೋಳು. ತನ್ನ ಪುಸ್ತಕಗಳ ಬಗ್ಗೆ ಅವಳಿಗೇ ನಾಚಿಕೆ, ಗಂಭೀರವಾದದ್ದೊಂದು ಬರೀಬೇಕು ಅಂತ ಒದ್ದಾಟ. ನೋಡುವಾಗ ನಾವು ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ನಮ್ಮ ಲಿಫ್ಟ್ ಸ್ಕ್ರಿಪ್ಟ್ ಇನ್ನೂ ಡ್ರೈವ್‌ನಲ್ಲಿದೆ (ಗೂಗಲ್ ಡ್ರೈವ್). ಎರಡನೇ ದೃಶ್ಯ ವೀಕ್, ನಿಯಮ ನಾವೇ ಮುರಿದಿದೀವಿ, ತಿದ್ದುತ್ತಾ ಇದೀವಿ. ಅಣ್ಣ, ಈ ಸಲ ಓದಿ ಬೈಯೋದಾದ್ರೆ ಆ ದೃಶ್ಯಕ್ಕೆ ಬೈಯಿರಿ.