ಹಣ್ಣು ಹಾರಿದ ಮೇಲೆ ಹೂವಿನ ಸರದಿ

ಮಾಲಿನ ಸೆಂಟು ಅಂಗಡಿಯಲ್ಲಿ ವ್ಯಾಪಾರ ಕುದುರುವುದು ಮೊದಲ ಐದು ನಿಮಿಷದಲ್ಲೇ. ಕಾಗದದ ಪಟ್ಟಿಗೆ ಒಮ್ಮೆ ಸಿಂಪಡಿಸಿ ಮೂಗಿನ ಮುಂದೆ ಎರಡು ಸಲ ಆಡಿಸಿದರೆ ಸಾಕು, ಗಿರಾಕಿ ಹೂಂಗುಟ್ಟಿರುತ್ತಾರೆ. ಹೂವು, ಹಣ್ಣು ಬೆರೆತ ಸಿಹಿ ಪರಿಮಳಗಳ ಮಟ್ಟಿಗೆ ಇದು ಕಣ್ಣುಮುಚ್ಚಿ ಮಾಡುವ ಖರೀದಿಯೇ ಸರಿ. ಆ ಐದು ನಿಮಿಷ ಘಮಘಮಿಸುವುದು ಹಣ್ಣು. ಮನೆ ಮುಟ್ಟುವಷ್ಟರಲ್ಲಿ ಅದರ ಸುಳಿವೇ ಇರುವುದಿಲ್ಲ.

ಈ ಬಗೆಯಲ್ಲಿ ದೊಡ್ಡ ಹೆಸರು ಮಾಡಿದ ‘ಜಡೋರ್’ ಅನ್ನೇ ನೋಡಿ. ಫ್ರಾನ್ಸಿನ ಡಿಯೋರ್ ಕಂಪನಿ 1999ರಲ್ಲಿ ಹೊರತಂದ ಇದನ್ನು ರೂಪಿಸಿದವರು ಕ್ಯಾಲಿಸ್ ಬೆಕರ್. ಉದ್ದ ಕುತ್ತಿಗೆಗೆ ಚಿನ್ನದ ಬಣ್ಣದ ಬಳೆಗಳನ್ನು ತೊಟ್ಟ ಹೂಜಿಯಂಥ ಸೀಸೆ. ಸಿಂಪಡಿಸಿದ ಕೂಡಲೇ ಪೇರ್, ಕರಬೂಜ, ಪೀಚ್ ಹಣ್ಣುಗಳ ರಸವತ್ತಾದ ಸಿಹಿ ಮೇಲೇಳುತ್ತದೆ. ಕಾಲು ಗಂಟೆಯಲ್ಲಿ ಆ ಸಡಗರ ಇಳಿದು ಮಲ್ಲಿಗೆ, ಗುಲಾಬಿ, ಸುಗಂಧರಾಜ ಒಂದರ ಹಿಂದೊಂದು ಬರುತ್ತವೆ. ಆದರೆ ಯಾವುದನ್ನೂ ಇದೇ ಎಂದು ಬೆರಳು ಮಾಡಿ ತೋರಿಸಲಾಗದು. ಮುಡಿದ ಮಲ್ಲಿಗೆ ದಂಡೆಯ ಅಮಲು ಇಲ್ಲಿಲ್ಲ. ಆಗಷ್ಟೇ ಮಿಂದು ಬಂದವರ ಬಳಿ ಸುಳಿಯುವ ತಿಳಿಯಾದ ಹೂಗಂಪು ಇದು. ಕೆಲವು ಗಂಟೆಗಳ ಬಳಿಕ ಚರ್ಮದ ಮೇಲೆ ಮೆತ್ತಗಿನ ಕಸ್ತೂರಿಯ ಛಾಯೆ ಉಳಿಯುತ್ತದೆ, ಅದೂ ತೀರ ಹತ್ತಿರ ಬಂದವರಿಗಷ್ಟೇ.

ಇದರ ಹಿಂದಿರುವುದು ಸರಳ ವಿಜ್ಞಾನ. ಹಗುರ ಅಣುಗಳು ಬೇಗ ಆವಿಯಾಗುತ್ತವೆ, ಭಾರದವು ತಡವಾಗಿ. ಪೇರ್ ಹಣ್ಣಿನ ವಾಸನೆ ಕೊಡುವ ಹೆಕ್ಸೈಲ್ ಅಸಿಟೇಟ್ ನಿಮಿಷಗಳಲ್ಲೇ ಕಾಲ್ಕೀಳುತ್ತದೆ. ಪೀಚ್ ಘಮಕ್ಕೆ ಬಳಸುವ ಗಾಮಾ ಅನ್‌ಡೆಕಾಲ್ಯಾಕ್ಟೋನ್ ಹಾಗಲ್ಲ, ಹೂವು ಅರಳುವ ತನಕ ನಿಂತಿರುತ್ತದೆ. 1919ರಲ್ಲೇ ಗೆರ್ಲಾನ್ ಕಂಪನಿಯ ‘ಮಿತ್ಸುಕೊ’ ಇದೇ ರಾಸಾಯನಿಕದಿಂದ ಹೆಸರಾಗಿತ್ತು. ಯಾವುದು ಮೊದಲು ಹೋಗಬೇಕು, ಹೋಗುವಾಗ ಯಾರ ಕೈಗೆ ಒಪ್ಪಿಸಬೇಕು ಎಂಬ ಲೆಕ್ಕಾಚಾರದಲ್ಲಿಯೇ ಸುಗಂಧ ಹೆಣೆಯುವವರ ಕಸುಬುದಾರಿಕೆ ಇರುವುದು.

ಜಾಹೀರಾತಿನ ಹಣ್ಣಿನ ತೋಟವನ್ನು ಮಾತ್ರ ನಂಬಬೇಕಿಲ್ಲ. ಪೀಚ್, ಪೇರ್, ಕರಬೂಜಗಳಿಂದ ಸೆಂಟಿಗೆ ಒದಗುವಂಥ ಸಾರ ಇಳಿಯುವುದಿಲ್ಲ. ಅವೆಲ್ಲ ಪ್ರಯೋಗಾಲಯದ ಕೂಸುಗಳು. ಅದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ. ಹೂವಿನ ಕಥೆ ಬೇರೆ. ಒಂದು ಕಿಲೋ ಮಲ್ಲಿಗೆ ಸಾರಕ್ಕೆ ನೂರಾರು ಕಿಲೋ ಹೂವು ಬೇಕು. ಹೊರದೇಶಗಳ ಸುಗಂಧ ತಯಾರಕರಿಗೆ ಮಲ್ಲಿಗೆ, ಸುಗಂಧರಾಜದ ಸಾರ ಕಳಿಸುವುದರಲ್ಲಿ ದಕ್ಷಿಣ ಭಾರತದ್ದು ದೊಡ್ಡ ಪಾತ್ರ. ತಮಿಳುನಾಡಿನ ಜೊತೆ ನಮ್ಮ ಮೈಸೂರು ಭಾಗದ ಬೆಳೆಗಾರರೂ ಇದ್ದಾರೆ. ಸಾವಿರಾರು ರೂಪಾಯಿ ಬೆಲೆಯ ಸೀಸೆಯ ಮೇಲೆ ಅವರ ಊರುಗಳ ಹೆಸರು ಕಾಣುವುದು ಅಪರೂಪ ಎನ್ನುವುದು ಬೇರೆ ಮಾತು.

ಈಗ ಮಾರುಕಟ್ಟೆಯಲ್ಲಿ ಸಾಲುಗಟ್ಟಿರುವ ಬಹುಪಾಲು ಹೂ–ಹಣ್ಣಿನ ಸೆಂಟುಗಳಲ್ಲಿ ಮಧ್ಯದ ಹೂವೇ ನಾಪತ್ತೆ. ಮೇಲೆ ಹಣ್ಣು, ಕೆಳಗೆ ಸಕ್ಕರೆ ಪಾಕ. ಪಾಕದ ವಾಸನೆಗೆ ಕಾರಣ ಏಥಿಲ್ ಮಾಲ್ಟಾಲ್. 1992ರಲ್ಲಿ ಮ್ಯೂಗ್ಲರ್ ಕಂಪನಿಯ ‘ಏಂಜೆಲ್’ ಅದನ್ನು ಧಾರಾಳವಾಗಿ ಸುರಿದು ಗೆದ್ದಿತು. ಅಲ್ಲಿ ಪಚೋಲಿಯ ಕಹಿ ಸಿಹಿಯನ್ನು ಹಿಡಿದು ನಿಲ್ಲಿಸಿತ್ತು. ಅನುಕರಿಸಿದವರಲ್ಲಿ ಅನೇಕರು ಸಿಹಿಯನ್ನಷ್ಟೇ ಎತ್ತಿಕೊಂಡು ಕಹಿಯನ್ನು ಬಿಟ್ಟರು. ಮೊದಲ ಐದು ನಿಮಿಷದಲ್ಲೇ ಮಾರಾಟ ಮುಗಿಯುವುದಾದರೆ ದುಬಾರಿ ಹೂವಿಗೆ ದುಡ್ಡು ಹಾಕುವವರು ಯಾರು?

ಹಾಗಾಗಿ ಕೊಳ್ಳುವವರು ಕಾಗದದ ಪಟ್ಟಿಯನ್ನು ಪಕ್ಕಕ್ಕಿಟ್ಟು ಮಣಿಕಟ್ಟು ಮುಂದೆ ಮಾಡಲಿ. ಸಿಂಪಡಿಸಿಕೊಂಡು, ಉಜ್ಜದೆ, ಹಣ ಕೊಡದೆ ಹೊರಗೆ ಬರಲಿ. ಬಿಸಿಲಿನಲ್ಲಿ ಸ್ವಲ್ಪ ಓಡಾಡಲಿ, ಕಾಫಿ ಕುಡಿಯಲಿ. ಎರಡು ಗಂಟೆಯ ಮೇಲೆ ಕೈಯಲ್ಲಿ ಉಳಿದ ವಾಸನೆ ಹಿಡಿಸಿದರೆ ಮಾತ್ರ ಅಂಗಡಿಗೆ ಮರಳಲಿ. ಅಂಗಡಿಯವರೂ ಒಂದು ದಿನ ಹಚ್ಚಿ ನೋಡುವಷ್ಟು ಪುಟ್ಟ ಸೀಸೆಗಳನ್ನು ಕೇಳಿದವರಿಗೆಲ್ಲ ಕೊಡಲಿ.